ಮಳೆಗಾಲದಲ್ಲಿ ಕಡಲಿಗಿಳಿದವರು

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಕರಾವಳಿಯಲ್ಲಿ ಕಡಲಿನ ಕದ ಹಾಕಿತೆಂದೇ ಅರ್ಥ. ದೋಣಿಗಳು ದಡ ಹತ್ತಿ ತೆಂಗಿನ ಗರಿಯ ಹೊದಿಕೆಯ ಕೆಳಗೆ ಮಲಗುತ್ತವೆ. ಬಲೆಗಳು ಜಗಲಿಗೆ ಬಂದು ಸೇರುತ್ತವೆ. ಈಗಂತೂ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಂತ್ರದ ದೋಣಿಗಳ ಮೀನುಗಾರಿಕೆಗೆ ಸರ್ಕಾರದ ನಿಷೇಧವೇ ಇದೆ. ಆದರೆ ಸರ್ಕಾರಗಳು ಹುಟ್ಟುವ ಎಷ್ಟೋ ಶತಮಾನ ಮೊದಲೇ ಮಳೆಗಾಲ ಈ ಆಜ್ಞೆಯನ್ನು ಹೊರಡಿಸಿಯಾಗಿತ್ತು. ಶ್ರಾವಣದ ನೂಲಹುಣ್ಣಿಮೆಯ ದಿನ ಸಮುದ್ರರಾಜನಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ದೋಣಿ ನೀರಿಗಿಳಿಯುವುದು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಮುಳುಗುವ ಆಟಕ್ಕೆಂದು ಹೋಗುವವರೂ ಮಳೆಗಾಲದಲ್ಲಿ ಅತ್ತ ಸುಳಿಯುವುದಿಲ್ಲ. ಮಳೆ ಎಂದರೆ ನೆಲದವರಿಗೆ ಬಿತ್ತನೆಯ ಕಾಲ, ಕಡಲಿನವರಿಗೆ ಬಿಡುವಿನ ಕಾಲ. ನಾವೆಲ್ಲ ನಂಬಿಕೊಂಡು ಬಂದದ್ದು ಹೀಗೆ.

ಹಾಗಿರುವಾಗ ನನ್ನ ತಂಗಿಯ ಮಗಳು ಜುಲೈ ತಿಂಗಳಲ್ಲಿ ಮಾಲ್ಡೀವ್ಸ್‌ಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗಿ ಬರುತ್ತೇನೆಂದಾಗ ಮನೆಮಂದಿಯೆಲ್ಲ ಹುಬ್ಬೇರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವಳು ಹೋಗಿ ಬಂದಳು. ಒಂದು ವಾರದಲ್ಲಿ ನಾಲ್ಕು ದಿನ ಮಳೆ, ನೀರು ಹಾಲು ಬೆರೆಸಿದ ಹಾಗೆ ಮಂಕು, ಎದುರಿಗಿದ್ದದ್ದು ಕಾಣಿಸುವುದೂ ಕಷ್ಟ ಎಂದಳು. ಹಾಗಾದರೆ ದುಡ್ಡು ದಂಡ ಎಂದೆವು. ‘ಇಲ್ಲ ದೊಡ್ಡಮ್ಮ, ನಾನು ನೋಡಲು ಹೋದದ್ದು ಮಂಕು ನೀರಿನಲ್ಲೇ ಸಿಗುವುದು’ ಎಂದಳು. ಆ ಮಾತು ನನ್ನ ತಲೆಯಲ್ಲಿ ಕುಳಿತಿತು. ಇತಿಹಾಸದ ಪಾಠ ಹೇಳುವವರಿಗೆ ಒಂದು ಚಟವಿರುತ್ತದೆ. ಯಾವ ಊರಿನ ಹೆಸರು ಕಿವಿಗೆ ಬಿದ್ದರೂ ಅದರ ಹಿಂದಿನ ನಾಲ್ಕು ಶತಮಾನವನ್ನು ಕೆದಕದೆ ಸಮಾಧಾನವಾಗುವುದಿಲ್ಲ. ಹಾಗೆ ಕೆದಕಿದಾಗ ಸಿಕ್ಕಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮಾಲ್ಡೀವ್ಸ್ ನಮಗೆ ದೂರದ ದೇಶವೇನಲ್ಲ. ಲಕ್ಷದ್ವೀಪದಿಂದ ಇನ್ನೂ ದಕ್ಷಿಣಕ್ಕೆ, ಸಮಭಾಜಕ ವೃತ್ತವನ್ನು ದಾಟುವವರೆಗೆ ಹರಡಿದ ಸುಮಾರು 1,200 ಹವಳದ ದ್ವೀಪಗಳ ಮಾಲೆ ಅದು. ಹವಳದ ದಿಬ್ಬಗಳು ಬಳೆಯಂತೆ ಸುತ್ತುಗಟ್ಟಿ, ನಡುವೆ ಶಾಂತವಾದ ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಇಂಥ ಬಳೆಗೆ ಇಂಗ್ಲಿಷಿನಲ್ಲಿ ‘ಅಟಾಲ್’ ಎನ್ನುತ್ತಾರಲ್ಲ, ಆ ಪದವೇ ಅಲ್ಲಿನ ದಿವೇಹಿ ಭಾಷೆಯ ‘ಅತೊಳು’ ಎಂಬುದರಿಂದ ಬಂದದ್ದು.

ಆ ಜನರ ಮಳೆಯ ಲೆಕ್ಕವನ್ನು ಓದಿದಾಗ ನನಗೆ ನಮ್ಮ ಅಜ್ಜಿಯೇ ಎದುರು ಕುಳಿತ ಹಾಗಾಯಿತು. ಅವರು ವರ್ಷವನ್ನು 27 ‘ನಕೈ’ಗಳಾಗಿ ಹಂಚಿಕೊಂಡಿದ್ದಾರೆ. ಒಂದೊಂದು ನಕೈ 13 ಅಥವಾ 14 ದಿನ. ಅವುಗಳ ಹೆಸರು ಕೇಳಿ: ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿ, ಅದ, ಫುನೋಸ್, ಫುಸ್, ಅಹುಲಿಹ, ಮಾ. ಈಗ ನಮ್ಮ ರೈತರ ಮಳೆಗಳನ್ನು ಪಕ್ಕದಲ್ಲಿಟ್ಟು ನೋಡಿ: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ. ಬೇರೆ ಧರ್ಮ, ಬೇರೆ ಭಾಷೆ, ಬೇರೆ ದೇಶ. ಆದರೆ ಮಳೆಯ ಹೆಸರುಗಳು ಒಂದೇ ತವರಿನವು. ದಿನಗಳಲ್ಲೂ ಅಂತರ ಹೆಚ್ಚಿಲ್ಲ. ಏಪ್ರಿಲ್‌ನಲ್ಲಿ ಅಸ್ಸಿದದಿಂದ ಶುರುವಾಗುವ ನೈಋತ್ಯ ಮಾರುತದ ಕಾಲಕ್ಕೆ ಅವರು ‘ಹುಳ್ಹಂಗು’ ಎನ್ನುತ್ತಾರೆ. ಡಿಸೆಂಬರಿನಲ್ಲಿ ಶುರುವಾಗುವ ಒಣಗಾಳಿಯ ಕಾಲ ‘ಇರುವೈ’. ನಮ್ಮವರು ನಕ್ಷತ್ರ ನೋಡಿ ಬೀಜ ಬಿತ್ತಿದರು, ಅವರು ಅದೇ ನಕ್ಷತ್ರ ನೋಡಿ ಮೀನಿಗೆ ಹೊರಟರು.

ನಮ್ಮ ಕಡಲಿನ ಕದ ಹಾಕುವ ಅದೇ ಮಾರುತ ಅಲ್ಲಿ ಯಾಕೆ ಕದ ಹಾಕುವುದಿಲ್ಲ? ಸಮಭಾಜಕ ವೃತ್ತಕ್ಕೆ ಹತ್ತಿರವಾದ್ದರಿಂದ ಗಾಳಿಯ ರಭಸ ನಮ್ಮ ಕರಾವಳಿಯಷ್ಟಿಲ್ಲ. ಹೊರಗಿನ ಅಲೆಯ ಪೆಟ್ಟನ್ನು ಹವಳದ ಬಳೆ ತಾನೇ ತಿಂದು ಒಳಗಿನ ನೀರನ್ನು ಕಾಯುತ್ತದೆ. ಬಿರುಗಾಳಿಯ ದಿನಗಳು ಇದ್ದೇ ಇರುತ್ತವೆ, ದೋಣಿ ನಿಲ್ಲಿಸಬೇಕಾದ ದಿನಗಳೂ ಇರುತ್ತವೆ. ಆದರೆ ಮಳೆ ಬಂದು ಹೋದ ಮೇಲೆ ನೀರಿಗಿಳಿಯುವುದಕ್ಕೆ ಆಗುತ್ತದೆ. ಇನ್ನು ಮಂಕು ನೀರಿನ ಗುಟ್ಟು. ನೈಋತ್ಯ ಮಾರುತದ ಕಾಲದಲ್ಲಿ ಪ್ರವಾಹವು ಪಶ್ಚಿಮದಿಂದ ಪೂರ್ವಕ್ಕೆ ದ್ವೀಪಗಳ ನಡುವೆ ನುಗ್ಗುತ್ತದೆ. ಆಳದ ತಣ್ಣೀರು ಮೇಲೆದ್ದು ತನ್ನೊಂದಿಗೆ ಸಾರವನ್ನು ತರುತ್ತದೆ. ಬಿಸಿಲು ತಾಗಿದೊಡನೆ ಆ ಸಾರದಲ್ಲಿ ಪ್ಲಾಂಕ್ಟನ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಟಲೆ ಹುಟ್ಟಿಕೊಳ್ಳುತ್ತವೆ. ನೀರು ಮಂಕಾಗುವುದು ಕೊಳೆಯಿಂದಲ್ಲ, ಅನ್ನದಿಂದ. ಗಂಜಿಯ ತಿಳಿ ಬಿಳುಪಾಗಿರುವ ಹಾಗೆ.

ಆ ಗಂಜಿಯನ್ನು ಕುಡಿಯಲು ಬರುವುದು ಮಂಟಾ ಎಂಬ ದೊಡ್ಡ ತೊರಕೆ ಮೀನು. ರೆಕ್ಕೆಯ ತುದಿಯಿಂದ ತುದಿಗೆ ಮೂರು ಮೀಟರಿಗೂ ಹೆಚ್ಚು ಅಗಲ. ನೋಡಿದರೆ ಭಯವಾಗಬೇಕು, ಆದರೆ ಬಾಲದಲ್ಲಿ ಮುಳ್ಳಿಲ್ಲ, ಯಾರಿಗೂ ಕೇಡಿಲ್ಲ. ಬಾಯಿ ತೆರೆದುಕೊಂಡು ಮಂಕು ನೀರಿನಲ್ಲಿ ತೇಲಿ, ಪ್ಲಾಂಕ್ಟನ್ನನ್ನು ಸೋಸಿ ತಿನ್ನುವುದಷ್ಟೇ ಅದರ ಕೆಲಸ. ಹೆಣ್ಣು ಮಂಟಾ ಸುಮಾರು ಒಂದು ವರ್ಷ ಗರ್ಭ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮಳೆಗಾಲದಲ್ಲಿ ಇವು ದ್ವೀಪಮಾಲೆಯ ಪೂರ್ವದ ಅಂಚಿಗೆ ಬಂದು ಸೇರುತ್ತವೆ. ‘ಬಾ’ ಎಂಬ ಅತೊಳಿನ ಹನಿಫಾರು ಕೊಲ್ಲಿಯಲ್ಲಿ ಕೆಲವು ದಿನ ನೂರಕ್ಕೂ ಹೆಚ್ಚು ಮಂಟಾಗಳು ಒಟ್ಟುಗೂಡುವುದುಂಟು. ಅದೂ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹೆಚ್ಚು. ಆಗ ಉಬ್ಬರದ ಸೆಳೆತ ಬಲವಾಗಿ ಪ್ಲಾಂಕ್ಟನ್ನನ್ನು ಕೊಲ್ಲಿಯೊಳಗೆ ತಂದು ತುಂಬುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಹಿಂದಿನ ಕಾಲದ ಯಾತ್ರಿಕರು ಈ ಕಡಲನ್ನು ಹೇಗೆ ಕಂಡರು? ಮಾನ್ಸೂನ್ ಎಂಬ ಪದದ ಮೂಲ ಅರಬ್ಬೀ ಭಾಷೆಯ ‘ಮೌಸಿಮ್’. ಹೊತ್ತು, ಋತು, ನಿಗದಿಯಾದ ಕಾಲ ಎಂದು ಅದರ ಅರ್ಥ. ಹಡಗಿನವರಿಗೆ ಅದು ಹೊರಡುವ ಹೊತ್ತು, ಮರಳುವ ಹೊತ್ತು. 1340ರ ದಶಕದಲ್ಲಿ ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ ಇಂಥದೇ ಗಾಳಿಯನ್ನು ನಂಬಿ ನಮ್ಮ ಪಶ್ಚಿಮ ತೀರದಲ್ಲಿ ಓಡಾಡಿದ. ಹೊನ್ನಾವರದಲ್ಲಿ ಕೆಲಕಾಲ ಇದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳು, ಗಂಡುಮಕ್ಕಳಿಗೆ 23 ಶಾಲೆಗಳು ಇದ್ದವೆಂದೂ, ಹೆಂಗಸರು ಕುರಾನನ್ನು ಕಂಠಪಾಠ ಮಾಡಿದ್ದರೆಂದೂ ಬರೆದಿಟ್ಟ. ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದು ಅಚ್ಚರಿಪಟ್ಟ. ಏಳುನೂರು ವರ್ಷದ ಹಿಂದಿನ ಉತ್ತರ ಕನ್ನಡದ ಹೆಣ್ಣುಶಾಲೆಯ ಲೆಕ್ಕ ಒಬ್ಬ ಪರದೇಶಿಯ ಪುಸ್ತಕದಲ್ಲಿ ಉಳಿದಿದೆ ಎನ್ನುವುದೇ ನನಗೆ ಒಂದು ಸಂತೋಷ.

ಅಲ್ಲಿಂದ ಮುಂದೆ ಕಲ್ಲಿಕೋಟೆಯ ಮೂಲಕ ಅವನು ಮಾಲ್ಡೀವ್ಸ್ ತಲುಪಿದ. ಅಲ್ಲಿ ಆಳುತ್ತಿದ್ದವಳು ಖದೀಜಾ ಎಂಬ ರಾಣಿ. ಇಬ್ನ್ ಬತೂತ ಅವಳ ರಾಜ್ಯದಲ್ಲಿ ಖಾಜಿಯಾದ, ಅಂದರೆ ನ್ಯಾಯಾಧೀಶನಾದ. ಅಲ್ಲಿನ ಹೆಂಗಸರು ಸೊಂಟದಿಂದ ಕೆಳಕ್ಕೆ ಮಾತ್ರ ಉಡುತ್ತಾರೆ, ಮೈತುಂಬ ಉಡಬೇಕು ಎಂದು ಅಪ್ಪಣೆ ಮಾಡಿ ನೋಡಿದ. ಯಾರೂ ಕೇಳಲಿಲ್ಲ. ತನ್ನ ಮಾತು ನಡೆಯಲಿಲ್ಲವೆಂದು ಅವನೇ ಬರೆದುಕೊಂಡಿದ್ದಾನೆ. ಅವನು ಗಮನಿಸಿದ ಮತ್ತೆರಡು ಸಂಗತಿಗಳು ನಮಗೆ ಮುಖ್ಯ. ಒಂದು, ತೆಂಗಿನ ಸಿಪ್ಪೆಯನ್ನು ಕಡಲ ಬದಿಯ ಗುಂಡಿಗಳಲ್ಲಿ ನೆನೆಹಾಕಿ, ಬಡಿದು, ಹೆಂಗಸರು ಹುರಿ ಹೊಸೆಯುತ್ತಿದ್ದರು. ಆ ಹುರಿಯಿಂದ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದರು. ಅದು ಭಾರತಕ್ಕೂ ಯೆಮೆನ್‌ಗೂ ಚೀನಾಕ್ಕೂ ಹೋಗುತ್ತಿತ್ತು. ಎರಡನೆಯದು, ಅಲ್ಲಿನ ನಾಣ್ಯ ಕವಡೆ. ಕಡಲಿನಿಂದ ಆಯ್ದು ದಡದ ಗುಂಡಿಗಳಲ್ಲಿ ಹಾಕಿ, ಒಳಗಿನ ಮಾಂಸ ಕೊಳೆತು ಹೋದ ಮೇಲೆ ಉಳಿಯುವ ಬಿಳಿಯ ಚಿಪ್ಪು. ಬಂಗಾಳದವರು ಅಕ್ಕಿ ಕೊಟ್ಟು ಅದನ್ನು ಕೊಳ್ಳುತ್ತಿದ್ದರು.

ಮಳೆಗಾಲದ ಇನ್ನೊಂದು ಮುಖವನ್ನು ಕಂಡವನು ಫ್ರಾನ್ಸಿನ ಫ್ರಾನ್ಸ್ವಾ ಪಿರಾರ್. 1601ರಲ್ಲಿ ಸಾಂ ಮಾಲೋ ಬಂದರಿನಿಂದ ಹೊರಟ ‘ಕೊರ್ಬಿನ್’ ಎಂಬ ಹಡಗಿನಲ್ಲಿದ್ದವನು. 1602ರ ಜುಲೈ 2ರಂದು, ಸರಿಯಾಗಿ ಮುಂಗಾರಿನ ನಡುವೆ, ಆ ಹಡಗು ಗೊಯಿಧೂ ಎಂಬಲ್ಲಿನ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಇಂದು ಮಂಟಾ ನೋಡಲು ಜನ ಹೋಗುವ ಬಾ ಅತೊಳಿನ ದಕ್ಷಿಣದ ಮಗ್ಗುಲು ಅದು. ನೀರಿಗಿಳಿಯಲೆಂದು ಬಂದವನಲ್ಲ, ನೀರು ಎಳೆದುಕೊಂಡವನು. ಬದುಕುಳಿದವರನ್ನು ದೇಶ ಬಿಡಲು ಅರಸ ಒಪ್ಪಲಿಲ್ಲ. ಪಿರಾರ್ ದಿವೇಹಿ ಭಾಷೆ ಕಲಿತ, ಅರಮನೆಗೆ ಬೇಕಾದವನಾದ. 1607ರಲ್ಲಿ ಬಂಗಾಳದ ಕಡೆಯಿಂದ ಬಂದವರು ಮಾಲೆಯನ್ನು ಸೂರೆಮಾಡಿದಾಗಷ್ಟೇ ಅವನಿಗೆ ಬಿಡುಗಡೆ. ಆ ಐದು ವರ್ಷಗಳಲ್ಲಿ ಅವನು ಮಾಡಿದ ದೊಡ್ಡ ಕೆಲಸವೆಂದರೆ ಕಣ್ಣುಬಿಟ್ಟು ನೋಡಿದ್ದು.

ಕವಡೆ ಆಯುವುದನ್ನು ಅವನು ವಿವರವಾಗಿ ಬರೆದಿದ್ದಾನೆ. ತಿಂಗಳಿಗೆ ಎರಡು ಬಾರಿ. ಅಮಾವಾಸ್ಯೆಗೆ ಮೂರು ದಿನ ಮೊದಲು, ಮೂರು ದಿನ ನಂತರ, ಹುಣ್ಣಿಮೆಗೂ ಹಾಗೆಯೇ. ಬೇರೆ ದಿನಗಳಲ್ಲಿ ಅವು ಸಿಗುವುದಿಲ್ಲ. ಆಯುವವರು ಹೆಂಗಸರು, ಸೊಂಟದವರೆಗಿನ ನೀರಿನಲ್ಲಿ ನಿಂತು ಮರಳಿನಿಂದ ಆರಿಸುತ್ತಾರೆ. ಹನಿಫಾರುವಿಗೆ ಮಂಟಾಗಳನ್ನು ಕರೆತರುವ ಅದೇ ಚಂದ್ರನ ಸೆಳೆತ ಈ ಹೆಂಗಸರನ್ನೂ ನೀರಿಗೆ ಕರೆಯುತ್ತಿತ್ತು. ಬೆನ್ನಿಗೆ ಸಿಲಿಂಡರ್ ಇಲ್ಲ, ಕಣ್ಣಿಗೆ ಗಾಜಿಲ್ಲ. ಕಾಲ್ಬೆರಳಿಗೆ ಕಣ್ಣಿತ್ತು ಅಷ್ಟೇ. ಕಡಲನ್ನು ಓದಿದವರೆಂದು ನಾವು ಮಕ್ಕಳಿಗೆ ಹೇಳುವ ಹೆಸರುಗಳಲ್ಲಿ ವಾಸ್ಕೋ ಡ ಗಾಮ ಇದ್ದಾನೆ, ಕೊಲಂಬಸ್ ಇದ್ದಾನೆ. ತಿಥಿ ನೋಡಿ, ಇಳಿತ ಅಳೆದು, ಹೊತ್ತಿಗೆ ಸರಿಯಾಗಿ ನೀರಿಗಿಳಿದ ಈ ಹೆಂಗಸರು ಯಾತ್ರಿಕರ ಪುಸ್ತಕದಲ್ಲಿ ‘ಹೆಂಗಸರು’ ಎಂಬ ಒಂದೇ ಮಾತಾಗಿ ಉಳಿದುಬಿಟ್ಟರು.

ಅವರು ಬಗ್ಗಿ ಆರಿಸಿದ ಚಿಪ್ಪು ಎಲ್ಲೆಲ್ಲಿಗೆ ಹೋಯಿತು? 12,000 ಕವಡೆಗಳ ಒಂದೊಂದು ಕಟ್ಟು ಮಾಡಿ ತೆಂಗಿನ ಗರಿಯ ಬುಟ್ಟಿಯಲ್ಲಿ ತುಂಬಿ, ಒಂದೇ ವರ್ಷದಲ್ಲಿ 30–40 ಹಡಗು ಬರೀ ಕವಡೆ ಹೊತ್ತು ಬಂಗಾಳಕ್ಕೆ ಹೋದದ್ದನ್ನು ಕಂಡೆನೆಂದು ಪಿರಾರ್ ಬರೆಯುತ್ತಾನೆ. ನಮ್ಮ ದೇಶದಲ್ಲಿ ಕವಡೆಯ ಲೆಕ್ಕ ಅದಕ್ಕೂ ಹಳೆಯದು. 12ನೆಯ ಶತಮಾನದ ಭಾಸ್ಕರಾಚಾರ್ಯರ ‘ಲೀಲಾವತಿ’ಯ ಕೋಷ್ಟಕ ಶುರುವಾಗುವುದೇ ಕವಡೆಯಿಂದ: 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ. 18ನೆಯ ಶತಮಾನದ ಕೊನೆಯಲ್ಲಿ ಸಿಲ್ಹೆಟ್ ಪ್ರಾಂತದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕಂದಾಯವನ್ನು ಕವಡೆಯಲ್ಲೇ ಪಡೆಯುತ್ತಿದ್ದರು. ಅಲ್ಲಿನ ಅಧಿಕಾರಿಯಾಗಿದ್ದ ರಾಬರ್ಟ್ ಲಿಂಡ್ಸೆ ಕೊಡುವ ಲೆಕ್ಕದಲ್ಲಿ ಒಂದು ರೂಪಾಯಿಗೆ 5,120 ಕವಡೆ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ನಾವು ಬೈಯುವಾಗ ಈ ಗಣಿತ ನಮ್ಮ ನಾಲಿಗೆಯ ಮೇಲೆ ಇದೆಯೆಂಬುದು ನೆನಪಾಗುವುದಿಲ್ಲ.

ಆ ಕಿಮ್ಮತ್ತಿಲ್ಲದ ಕಾಸಿಗೆ ದೂರ ಹೋದಷ್ಟೂ ಕಿಮ್ಮತ್ತು ಏರುತ್ತಿತ್ತು. ಮಾಲ್ಡೀವ್ಸ್‌ನಲ್ಲಿ ಲಕ್ಷಗಟ್ಟಲೆ ಕವಡೆಗೆ ಒಂದು ಚಿನ್ನದ ದೀನಾರ್ ಇದ್ದರೆ, ಆಫ್ರಿಕದ ಮಾಲಿಯಲ್ಲಿ 1,150 ಕವಡೆಗೇ ಒಂದು ದೀನಾರ್ ಸಿಗುತ್ತಿತ್ತೆಂದು ಇಬ್ನ್ ಬತೂತ ಬರೆದಿದ್ದಾನೆ. ಯುರೋಪಿನ ವ್ಯಾಪಾರಿಗಳಿಗೆ ಈ ಲೆಕ್ಕ ತಿಳಿಯಲು ತಡವಾಗಲಿಲ್ಲ. ಕವಡೆಯನ್ನು ಹಡಗಿನ ತಳಭಾರವಾಗಿ ತುಂಬಿಕೊಂಡು ಆಮ್‌ಸ್ಟರ್‌ಡ್ಯಾಮಿಗೂ ಲಂಡನ್ನಿಗೂ ಒಯ್ದರು. ಅಲ್ಲಿಂದ ಪಶ್ಚಿಮ ಆಫ್ರಿಕದ ತೀರಕ್ಕೆ ಒಯ್ದು, ಅದನ್ನೇ ಎಣಿಸಿ ಕೊಟ್ಟು ಗುಲಾಮರನ್ನು ಕೊಂಡರು. ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ಅಲ್ಲಿಯವರೆಗೆ ಒಂದು ದ್ವೀಪದ ಹೆಂಗಸು ಸೊಂಟಮಟ್ಟ ನೀರಿನಲ್ಲಿ ನಿಂತು ಆಯ್ದ ಚಿಪ್ಪು, ಅವಳು ಕನಸಿನಲ್ಲೂ ಕಾಣದ ಇನ್ನೊಂದು ತೀರದ ಹೆಂಗಸಿನ ಕೊರಳಿನ ಬೆಲೆಯಾಗುತ್ತಿತ್ತು. ಆಯ್ದವಳಿಗೆ ಸಿಕ್ಕಿದ್ದು ಒಂದಿಷ್ಟು ಅಕ್ಕಿ. ಈ ಮಾತನ್ನು ತರಗತಿಯಲ್ಲಿ ಹೇಳುವಾಗ ನನ್ನ ದನಿ ಪ್ರತಿಸಲವೂ ತಗ್ಗುತ್ತದೆ.

ಸೊಂಟಮಟ್ಟದ ನೀರನ್ನು ದಾಟಿ ಆಳಕ್ಕಿಳಿದವರ ಕಥೆ ಬೇರೆ. ಲಂಕೆಗೂ ತಮಿಳುನಾಡಿಗೂ ನಡುವಿನ ಮನ್ನಾರ್ ಕೊಲ್ಲಿಯಲ್ಲಿ ಮುತ್ತಿಗಾಗಿ ಮುಳುಗುತ್ತಿದ್ದ ಗಂಡಸರು ಕಾಲಿಗೆ ಕಲ್ಲಿನ ಭಾರ ಸಿಕ್ಕಿಸಿಕೊಂಡು, ಮೇಲೆ ಹಗ್ಗ ಹಿಡಿದವನನ್ನು ನಂಬಿ, ಒಂದೇ ಉಸಿರಿನಲ್ಲಿ ಇಳಿದು ಹತ್ತುತ್ತಿದ್ದರು. ಅವರ ಹಂಗಾಮು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಶಾಂತ ಕಡಲಿನದು, ಮಳೆಗೆ ಮೊದಲೇ ಮುಗಿಯುವಂಥದು. ಉಸಿರಿನ ಆ ಗಡಿಯನ್ನು ಮುರಿದದ್ದು 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ. ಪೆಟ್ರೋಲಿಲ್ಲದ ಫ್ರಾನ್ಸಿನಲ್ಲಿ ಕಾರುಗಳನ್ನು ಅನಿಲದಿಂದ ಓಡಿಸಲು ಎಮಿಲ್ ಗಾನ್ಯಾನ್ ಎಂಬ ಇಂಜಿನಿಯರ್ ಒಂದು ಕವಾಟ ಮಾಡಿದ್ದ. ನೌಕಾಪಡೆಯ ಜಾಕ್ ಕೂಸ್ಟೋ ಜೊತೆ ಸೇರಿ ಅದನ್ನೇ ಮನುಷ್ಯನ ಉಸಿರಿಗೆ ಹೊಂದಿಸಿದ. ಎಳೆದಾಗ ಮಾತ್ರ, ಬೇಕಾದಷ್ಟು ಮಾತ್ರ ಗಾಳಿ ಬಿಡುವ ಕವಾಟ. ಇಂದಿನ ಸ್ಕೂಬಾ ಎಂಬುದರ ಹೃದಯ ಅದೇ.

ಹೆಂಗಸರಿಗೆ ಆ ದಾರಿ ತಾನಾಗಿ ತೆರೆಯಲಿಲ್ಲ. ವಿಯೆನ್ನಾದ ಲೊಟ್ಟೆ ಎಂಬ ಯುವತಿ ಸಾಗರ ಸಂಶೋಧಕ ಹಾನ್ಸ್ ಹಾಸ್ ಅವರ ಕಾರ್ಯದರ್ಶಿಯಾಗಿ ಸೇರಿದವಳು. ಗಂಡಸರ ತಂಡದಲ್ಲಿ ಹೆಣ್ಣಿಗೆ ಜಾಗವಿಲ್ಲವೆಂಬ ಮಾತನ್ನು ಕೇಳಿಸಿಕೊಂಡೂ ತಾನೇ ಮುಳುಗಲು ಕಲಿತು, ನೀರಿನೊಳಗೆ ಚಿತ್ರ ತೆಗೆದು ತೋರಿಸಿ, 1950ರಲ್ಲಿ ಕೆಂಪು ಸಮುದ್ರಕ್ಕೆ ಹೊರಟಳು. ಅಲ್ಲಿ ತೆಗೆದ ಚಲನಚಿತ್ರಕ್ಕೆ 1951ರಲ್ಲಿ ವೆನಿಸ್‌ನಲ್ಲಿ ಬಹುಮಾನ ಬಂತು. ಮುಂದೆ ಅವಳೇ ಲೊಟ್ಟೆ ಹಾಸ್. ಹಾನ್ಸ್ ಹಾಸ್ ಅವರ ‘ಕ್ಸಾರಿಫಾ’ ಹಡಗು 1957–58ರ ಯಾನದಲ್ಲಿ ಮಾಲ್ಡೀವ್ಸ್‌ನ ಹವಳದ ದಿಬ್ಬಗಳಿಗೂ ಬಂತು.

ರಜೆಯ ಜನ ಬಂದದ್ದು ಆಮೇಲೆ. 1972ರಲ್ಲಿ ಇಟಲಿಯ ಒಂದು ಸಣ್ಣ ತಂಡ ಬಂದುಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 30 ಕೋಣೆಗಳ ‘ಕುರುಂಬಾ’ ಎಂಬ ಮೊದಲ ವಸತಿಗೃಹ ತೆರೆಯಿತು. ಯುರೋಪಿನ ಚಳಿ ತಪ್ಪಿಸಿಕೊಳ್ಳಲು ಬಂದವರಿಗೆ ಬೇಕಾದದ್ದು ಬಿಸಿಲು. ಹೀಗಾಗಿ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಇರುವೈ ‘ಸೀಸನ್’ ಆಯಿತು, ಮಳೆಯ ಹುಳ್ಹಂಗು ‘ಆಫ್ ಸೀಸನ್’ ಆಯಿತು. ಹತ್ತು ನಕ್ಷತ್ರಗಳ ಮಳೆಗೆ ಹತ್ತು ಹೆಸರಿಟ್ಟಿದ್ದ ನಾಡಿನಲ್ಲಿ, ಅಷ್ಟಕ್ಕೂ ಸೇರಿ ಒಂದೇ ಹೆಸರು: ದರ ಇಳಿಸುವ ಕಾಲ.

ಆದರೆ ಆ ಕಡಲಿನ ಪ್ರಾಣ ಇಂದು ನಿಂತಿರುವುದೇ ದರ ಇಳಿದ ಆ ಕಾಲದ ಮೇಲೆ. ಬೇಸಿಗೆಯ ಕೊನೆಗೆ, ಏಪ್ರಿಲ್–ಮೇ ತಿಂಗಳಲ್ಲಿ, ಅಲ್ಲಿನ ನೀರು ಅತಿ ಬಿಸಿಯಾಗುತ್ತದೆ. ಮಿತಿ ಮೀರಿದರೆ ಹವಳದ ಜೀವಿಗಳು ತಮ್ಮೊಳಗಿದ್ದ ಅನ್ನದಾತ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ. 1998ರಲ್ಲಿ ಹಾಗಾದಾಗ ಆಳವಿಲ್ಲದ ಕಡೆಯ ಹವಳದ ಬಹುಪಾಲು ಸತ್ತುಹೋಯಿತು. 2016ರಲ್ಲಿ ಮತ್ತೆ ಅದೇ ಪೆಟ್ಟು. ಕಾದ ನೀರನ್ನು ತಣಿಸುವುದು ಮುಂಗಾರಿನ ಮೋಡ ಮತ್ತು ಗಾಳಿ. ಮಳೆ ಒಂದು ವಾರ ತಡವಾದರೆ ನಮ್ಮ ರೈತ ಆಕಾಶ ನೋಡುವ ಹಾಗೆ, ಆ ದ್ವೀಪದವರೂ ಈಗ ನೋಡಬೇಕಾಗಿದೆ. ಹವಳ ಸತ್ತರೆ ಅಲೆ ತಡೆಯುವ ಬಳೆಯೇ ಹೋಯಿತು. ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರವಿರುವ ನೆಲ ಅವರದು.

ಹನಿಫಾರುವನ್ನು ಕಾಯುವುದಕ್ಕೂ ಅವರು ಮನಸ್ಸು ಮಾಡಿದ್ದಾರೆ. 2009ರಲ್ಲಿ ಅದು ರಕ್ಷಿತ ಪ್ರದೇಶವಾಯಿತು, 2011ರಲ್ಲಿ ಬಾ ಅತೊಳನ್ನು ಯುನೆಸ್ಕೊ ಜೀವಗೋಳ ಮೀಸಲೆಂದು ಗುರುತಿಸಿತು. 2012ರಿಂದ ಆ ಕೊಲ್ಲಿಯೊಳಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವಂತಿಲ್ಲ. ಮುಳುಗುಗಾರರು ಬಿಡುವ ಗುಳ್ಳೆಗಳ ರಾಶಿ ಉಣ್ಣಲು ಬಂದ ಮಂಟಾಗಳಿಗೆ ಅಡ್ಡಿ ಎಂದು ಹೀಗೆ ಮಾಡಿದರು. ನೀರಿನ ಮೇಲೆ ಬೋರಲಾಗಿ ತೇಲಿ ನೋಡಬಹುದು, ಅಷ್ಟೇ. ಮುಳುಗಲೇಬೇಕೆಂದವರು ಮಾಲೆಯ ಆಸುಪಾಸಿನ ಬೇರೆ ದಿಬ್ಬಗಳಿಗೆ ಹೋಗುತ್ತಾರೆ. 2014ರಲ್ಲಿ ತೊರಕೆ ಜಾತಿಯ ಎಲ್ಲ ಮೀನುಗಳಿಗೂ ಕಾನೂನಿನ ರಕ್ಷಣೆ ಸಿಕ್ಕಿತು. ಮಂಟಾದ ಹೊಟ್ಟೆಯ ಮೇಲಿನ ಕಪ್ಪು ಚುಕ್ಕೆಗಳು ನಮ್ಮ ಬೆರಳಿನ ಗುರುತಿನ ಹಾಗೆ ಒಂದೊಂದಕ್ಕೂ ಬೇರೆ. ಅದನ್ನು ನೋಡಿ ಸಾವಿರಾರು ಮಂಟಾಗಳನ್ನು ಗುರುತಿಸಿ, ದಾಖಲಿಸಿ ಇಟ್ಟಿದ್ದಾರೆ. ಒಳ್ಳೆಯದೇ ಆಯಿತು. ಅದೇ ನೀರಿನಲ್ಲಿ ಶತಮಾನಗಟ್ಟಲೆ ನಿಂತ ಹೆಂಗಸರಿಗೆ ಮಾತ್ರ ಇಂಥ ಪಟ್ಟಿಯಿಲ್ಲ. ಹಡಗಿನ ಲೆಕ್ಕದಲ್ಲಿ ಕವಡೆಯ ಸಂಖ್ಯೆಯಿದೆ, ಬುಟ್ಟಿಯ ಸಂಖ್ಯೆಯಿದೆ, ಬೆಲೆಯಿದೆ, ಬೆರಳಿನದಿಲ್ಲ.

ಆ ಬೆರಳುಗಳ ಗುರುತನ್ನು ಹುಡುಕಲು ನಾವು ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಹಿಂದಿನ ಕಾಲದಲ್ಲಿ ಭಾರತಕ್ಕೆ ಬಂದ ಕವಡೆಯ ದೊಡ್ಡ ಪಾಲು ಮಾಲ್ಡೀವ್ಸ್‌ನದೇ. ಎಲ್ಲಮ್ಮನ ಜೋಗತಿಯರ ಕೊರಳ ಸರದಲ್ಲಿ, ಲಂಬಾಣಿ ಹೆಣ್ಣುಮಕ್ಕಳ ಕಸೂತಿಯಲ್ಲಿ, ಮೈಲಾರನ ಗೊರವರ ಉಡುಪಿನಲ್ಲಿ ಅವು ಕುಳಿತಿವೆ. ಅಜ್ಜಿಯ ಕಾಲದ ಪೆಟ್ಟಿಗೆಯ ಮೂಲೆಯಲ್ಲಿ, ಚೌಕಾಬಾರದ ಗಂಟಿನಲ್ಲಿ ನಾಲ್ಕಾರು ಉಳಿದಿರಬಹುದು. ಆಷಾಢದ ಮಳೆ ಹಿಡಿದು ಎಲ್ಲಿಗೂ ಹೊರಡಲಾಗದ ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು ಆ ಗಂಟು ಬಿಚ್ಚಿ. ಕವಡೆಯನ್ನು ಅಂಗಾಲು ಮೇಲಾಗಿಸಿ, ಅದರ ಹಲ್ಲು ಕಚ್ಚಿದಂಥ ಬಾಯನ್ನು ತೋರಿಸಿ. ಇದು ಒಂದು ಅಮಾವಾಸ್ಯೆಯ ಮರುದಿನ ಯಾರೋ ಒಬ್ಬಳು ಸೊಂಟದವರೆಗಿನ ನೀರಿನಲ್ಲಿ ನಿಂತು ಆರಿಸಿದ್ದು ಎಂದು ಹೇಳಿ. ಆಮೇಲೆ ಆಟ ಆಡಬಹುದು.